ಬಿಚ್ಚದೆ ಕಟ್ಟಿದ ಬೆಲೆ

ಅಮೆರಿಕದ ಮೆಟುಚೆನ್‌ನ ನಿರುಪಮಾ ದೇಸಾಯಿಯ ಹತ್ತಿರ ಪಿಸ್ತೂಲಿನ ಬೆಲೆ ಕೇಳಿಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಜನ ದುಡ್ಡು ಕೊಟ್ಟಾದ ಮೇಲೆ ಬರುವವರು. ಅವರಿಗೆ ಬೇಕಾದದ್ದು ಅಭಿಪ್ರಾಯವಲ್ಲ, ಸಮಾಧಾನ. ತಾಂಬೂಲ ಬದಲಾಯಿಸಿದ ಮೇಲೆ ಜಾತಕ ತೋರಿಸಲು ಬಂದವರ ಮುಖ ಹೇಗಿರುತ್ತದೋ ಹಾಗಿರುತ್ತದೆ ಅವರ ಮುಖ. ನಿರುಪಮಾ ಸಮಾಧಾನ ಹೇಳುವ ಪೈಕಿ ಅಲ್ಲ. ಸಮರ್‌ಸೆಟ್‌ನ ಒಂದು ಕಂಪನಿಯಲ್ಲಿ ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟಗಳನ್ನು ಅಳೆದು ಪಾಸು ಮಾಡುವುದು ಅವಳ ಉದ್ಯೋಗ. ಎರಡು ಅಲಗುಗಳ ನಡುವೆ ಕೂದಲು ತೂರುವಷ್ಟು ಸಂದಿ ಉಳಿದರೂ ಇಡೀ ಪೆಟ್ಟಿಗೆಯನ್ನು ವಾಪಸು ಕಳಿಸಿಬಿಡುತ್ತಾಳೆ. ವಾರಾಂತ್ಯಕ್ಕೆ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯುವ ಹುಚ್ಚು ಹತ್ತಿದ ಮೇಲೆ ಅವಳ ಕಣ್ಣು ಆ ಕಡೆಗೂ ಹರಿಯಿತು. ಕಾರ್ಖಾನೆಯಲ್ಲಿ ಸಾಲಾಗಿ ಹೊರಬೀಳುವ ಪಿಸ್ತೂಲಲ್ಲ, ಒಬ್ಬನೇ ಕುಶಲಕರ್ಮಿ ಗಿರಾಕಿಯ ಕೈ ನೋಡಿ, ಒಂದೊಂದೇ ಭಾಗವನ್ನು ಅರದಿಂದ ತೀಡಿ ಕೂರಿಸಿದ್ದು. ಅಂಥದ್ದರ ವಿಚಾರದಲ್ಲಿ ಈ ಕಡೆಯ ಕನ್ನಡದವರಿಗೆಲ್ಲ ಅವಳದ್ದೇ ಕೊನೆಯ ಮಾತು.

"ಊರಾಗ ಇದ್ದಿದ್ರ ಬಂಗಾರ ಒರಸಿ ನೋಡ್ತಿದ್ದಿ, ಇಲ್ಲಿ ಬಂದು ಬಂದೂಕು ಒರಸ್ಲಿಕ್ಕತ್ತಿ," ಎಂದು ಗಂಡ ದಿವಾಕರ ಚೇಷ್ಟೆ ಮಾಡುತ್ತಾನೆ. ಅವನಿಗೆ ಆ ವಸ್ತುವೆಂದರೆ ಆಗದು. ಮನೆಯಲ್ಲಿ ಅದು ಇರುವ ಕೋಣೆಗೆ ಅವನು ಚಪ್ಪಲಿ ಹುಡುಕಲೂ ಹೋಗುವುದಿಲ್ಲ.

ನಿರುಪಮಾಳ ಲೆಕ್ಕ ಸರಳವಾದದ್ದು. ಬೆಲೆಯಲ್ಲಿ ಅರ್ಧ ಮಾಡಿದವನ ಹೆಸರಿಗೆ ಹೋಗುತ್ತದೆ. ಇನ್ನು ಕಾಲು ಪಾಲು ಅವನು ತಿಂಗಳುಗಟ್ಟಲೆ ಕಾಯಿಸಿದ ಗತ್ತಿಗೆ. ಉಳಿದದ್ದು ಪಿಸ್ತೂಲಿಗೆ. ಹಿಡಿಕೆಯ ಮೇಲಿನ ಗೀರುಗಳು ಬೆರಳಿಗೆ ಚುಚ್ಚದೆ ಹಿಡಿತ ಕೊಡಬೇಕು, ಮೇಲೆ ಸರಿದಾಡುವ ಸ್ಲೈಡನ್ನು ಕಿವಿಯ ಹತ್ತಿರ ಅಲುಗಿಸಿದರೆ ಸದ್ದು ಬರಬಾರದು, ಟ್ರಿಗರ್ ಎಳೆದರೆ ಒಣ ಕಡ್ಡಿ ಮುರಿದ ಹಾಗೆ ಒಂದೇ ಸಲಕ್ಕೆ ಬಿಡಬೇಕು. ಇಷ್ಟು ಎಲ್ಲರೂ ನೋಡುತ್ತಾರೆ. ಅವಳು ನೋಡುವುದು ಒಳಗೆ, ಯಾರ ಕಣ್ಣೂ ಬೀಳದ ಮೂಲೆಯಲ್ಲಿ ಅವನ ಅರ ಹೇಗೆ ಆಡಿದೆ ಅನ್ನುವುದನ್ನು. ಮೇಲೆ ಬಸಪ್ಪ ಒಳಗೆ ವಿಷಪ್ಪ ಆದ ಪಿಸ್ತೂಲುಗಳನ್ನು ಅವಳು ಸಾಕಷ್ಟು ಕಂಡವಳು. ಆದ್ದರಿಂದ ಬಿಚ್ಚದೆ ಬೆಲೆ ಕಟ್ಟುವುದಿಲ್ಲ ಎನ್ನುವುದು ಅವಳ ನೇಮ. ಎಂಥ ದೊಡ್ಡವರು ಬಂದರೂ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದು ಭಾಗವನ್ನೂ ಬಿಚ್ಚಿಟ್ಟ ಮೇಲೆಯೇ ಬಾಯಿ ತೆರೆಯುವುದು.

ಆ ನೇಮ ಮುರಿದದ್ದು ಕಳೆದ ದಸರೆಯಲ್ಲಿ, ಲೋಕನಾಥ ಶೆಟ್ಟರ ಮನೆಯಲ್ಲಿ.

ಶೆಟ್ಟರು ಮೂಲ್ಕಿ ಕಡೆಯವರು. ಮನೆ ಸಮರ್‌ಸೆಟ್‌ನಲ್ಲಿ, ನಡೆಸುವ ಮೋಟೆಲು ರೂಟ್ ಒಂದು ಎನ್ನುವ ಹೆದ್ದಾರಿಯ ಬದಿಯಲ್ಲಿ. ಅದಕ್ಕೆ ಊರ ನದಿಯ ಹೆಸರಿಟ್ಟು ‘ಶಾಂಭವಿ ಇನ್’ ಎಂದು ಕರೆದರು. ಅಮೆರಿಕದವರು ಅದನ್ನು ಹತ್ತು ಥರ ಉಚ್ಚರಿಸಿದರೂ ಬೋರ್ಡು ಬದಲಿಸಲಿಲ್ಲ. ಅವರೂ ಹೆಂಡತಿ ಬೇಬಿಯೂ ಸೇರಿ ಹಾಸಿಗೆ ಹಾಸುವುದರಿಂದ ಹಿಡಿದು ಹೀಟರ್ ರಿಪೇರಿಯವರೆಗೆ ಎಲ್ಲವನ್ನೂ ಕೈಯಾರೆ ಮಾಡಿ ನಿಲ್ಲಿಸಿದ ವ್ಯವಹಾರ ಅದು. ಆ ದಸರೆಗೆ ಹಿಂದಿನ ಚಳಿಗಾಲದಲ್ಲಿ ಮುಸುಕು ಹಾಕಿದವನೊಬ್ಬ ಒಳಗೆ ಬಂದು ಕೌಂಟರಿನಲ್ಲಿದ್ದ ಬೇಬಿಯ ಹಣೆಗೆ ಬಂದೂಕು ಇಟ್ಟಿದ್ದ. ಇದ್ದಷ್ಟು ದುಡ್ಡು ಬಾಚಿಕೊಂಡು ಹೋದ, ಬೇಬಿಗೆ ಏನೂ ಆಗಲಿಲ್ಲ. ಆದರೆ ಶೆಟ್ಟರ ನಿದ್ದೆ ಅವನ ಜೊತೆಗೇ ಹೋಯಿತು. ಅವರು ಪರವಾನಗಿಗಳನ್ನೆಲ್ಲ ಮಾಡಿಸಿ ಕ್ಲಬ್ಬಿನಲ್ಲಿ ಕಲಿತು, ಪೆನ್ಸಿಲ್ವೇನಿಯಾದ ಒಬ್ಬ ಹೆಸರಾಂತ ಕುಶಲಕರ್ಮಿಗೆ ಹೇಳಿ ಪಿಸ್ತೂಲು ಮಾಡಿಸಿದರು. ಕೌಂಟರಿನ ಕೆಳಗಿಡಲು ಸಾಧಾರಣದ್ದೇ ಸಾಕಿತ್ತು. ಆದರೆ ಇಡ್ಲಿ ಪಾತ್ರೆ ಕೊಳ್ಳಲೂ ಮೂರು ಅಂಗಡಿ ಸುತ್ತಿ ಎಲ್ಲಕ್ಕಿಂತ ದುಬಾರಿಯದ್ದನ್ನು ತರುವ ಮನುಷ್ಯ ಅವರು. ಐದು ಸಾವಿರ ಡಾಲರ್ ಆಯಿತು. ಕುಶಲಕರ್ಮಿ, ನೋಡಿ ಒಪ್ಪಿಗೆಯಾಗದಿದ್ದರೆ ಇಂಥ ದಿನದೊಳಗೆ ವಾಪಸು ಕಳಿಸಿ ಅಂದಿದ್ದ. ಆ ದಿನ ಆಯುಧ ಪೂಜೆಯ ಮರುದಿನವಾಗಿತ್ತು.

ನಿರುಪಮಾ ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಬೇಬಿಗೆ ಚಳಿ ಆಗದು. ಹೀಟನ್ನು ಏರಿಸಿಟ್ಟು ಮನೆಯನ್ನು ಮಂಗಳೂರು ಮಾಡಿಕೊಂಡಿದ್ದರು. ದೇವರ ಮುಂದೆ ಮಣೆಯ ಮೇಲೆ ಅಡುಗೆಮನೆಯ ಕತ್ತಿ, ಸುತ್ತಿಗೆ, ಸ್ಪ್ಯಾನರ್, ಮೋಟೆಲಿನ ಬೀಗದ ಗೊಂಚಲು, ಅವುಗಳ ನಡುವೆ ಕುಂಕುಮ ಸೇವಂತಿಗೆ ಹೊತ್ತು ಪಿಸ್ತೂಲು ಕೂತಿತ್ತು.

"ಎತ್ತಿ ನೋಡಿ ಬೇಕಾದ್ರೆ," ಅಂದರು ಬೇಬಿ. "ಆದ್ರೆ ಇವತ್ತು ಬಿಚ್ಚುದು ಬೇಡ ಮಾರಾಯ್ತಿ. ಪೂಜೆಗೆ ಕೂತದ್ದಲ್ವಾ."

ನಿರುಪಮಾಗೂ ಅದು ಸರಿಯೆನ್ನಿಸಿತು. ಧಾರವಾಡದ ಅವಳ ತವರಿನಲ್ಲಿ ಖಂಡೆ ಪೂಜೆಗೆ ಇಟ್ಟ ಈಳಿಗೆಯನ್ನು ಮರುದಿನದವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಅವ್ವ ಆ ದಿನ ಕಾಯಿಪಲ್ಯವನ್ನು ಕೈಯಲ್ಲೇ ಮುರಿದು ಅಡುಗೆ ಮಾಡುತ್ತಿದ್ದಳು. ಕಂಪನಿಯಲ್ಲಿ ಡೈರೆಕ್ಟರ್ ಹೇಳಿದರೂ ಬಗ್ಗದ ಹೆಂಗಸು ಒಂದು ಚಿಟಿಕೆ ಕುಂಕುಮಕ್ಕೆ ಬಗ್ಗಿದಳು. ಪಿಸ್ತೂಲನ್ನು ಎತ್ತಿ, ಗುಂಡಿಲ್ಲವೆಂದು ಖಚಿತ ಮಾಡಿಕೊಂಡು, ಸ್ಲೈಡ್ ಎಳೆದು ಬಿಟ್ಟಳು. ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಟ್ರಿಗರ್ ಎಳೆದಳು. ಅಷ್ಟು ಚೊಕ್ಕವಾಗಿ ಬಿಡುವ ಟ್ರಿಗರನ್ನು ಅವಳು ಆ ವರ್ಷ ನೋಡಿರಲಿಲ್ಲ. ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು, ನಿಜ. ಮಂಗಳೂರಿನವರ ಮನೆಯಲ್ಲಿ ಇನ್ಯಾವ ವಾಸನೆ ಬರಬೇಕು ಎಂದುಕೊಂಡಳು.

"ಕೊಟ್ಟ ರೊಕ್ಕಕ್ಕ ಮೋಸ ಇಲ್ರೀ ಅಂಕಲ್. ಭಾಳ ಛಲೋ ಅದ. ಇಟ್ಕೋರಿ," ಅಂದಳು.

ಶೆಟ್ಟರ ಮುಖ ಅರಳಿತು. "ನೀವು ಹೇಳಿದ ಮೇಲೆ ಆಯ್ತಲ್ಲ. ಇನ್ನು ನಾನು ಯಾರನ್ನೂ ಕೇಳುದಿಲ್ಲ," ಎಂದು ಊಟಕ್ಕೆ ಎಬ್ಬಿಸಿದರು. ಸುವರ್ಣಗಡ್ಡೆಯ ಪಲ್ಯ ಚೆನ್ನಾಗಿತ್ತು. ನಿರುಪಮಾ ಡಬ್ಬಿ ತುಂಬಿಸಿಕೊಂಡು ಮನೆಗೆ ಬಂದಳು, ಆ ವಿಷಯವನ್ನು ಮರೆತಳು.

ನೆನಪಾದದ್ದು ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ. ಹೊರಗೆ ಗಟ್ಟಿ ಚಳಿ. ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಬಚ್ಚಲಿನ ಕಿಟಕಿಯಲ್ಲಿದ್ದ ಬಾಟಲಿ ಎತ್ತಿ ಬಗ್ಗಿಸಿದಳು. ಏನೂ ಬೀಳಲಿಲ್ಲ. ತೆಂಗಿನೆಣ್ಣೆ ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಪ್ರತಿ ಚಳಿಗಾಲವೂ ಹೀಗೇ. ಬಿಸಿನೀರಿನ ಲೋಟದಲ್ಲಿ ಇಟ್ಟರಾಯಿತು. ಲೋಟಕ್ಕೆ ನೀರು ಬಿಡುತ್ತಿದ್ದವಳ ಕೈ ಹಾಗೇ ನಿಂತಿತು.

ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿದ ಆ ಸ್ಲೈಡು. ಆ ವಾಸನೆ. ಅದು ಮನೆಯ ವಾಸನೆಯಲ್ಲ, ಪಿಸ್ತೂಲಿನದ್ದು. ಪೂಜೆಗೆ ಮೊದಲು ಬೇಬಿ ಆಂಟಿ ಕತ್ತಿಗೆ, ಸುತ್ತಿಗೆಗೆ, ಬೀಗಗಳಿಗೆ ಎಣ್ಣೆ ಹಾಕಿದಂತೆ ಅದಕ್ಕೂ ಹಾಕಿದ್ದಾರೆ. ಮೇಲೆ ಒರೆಸಿದ್ದಲ್ಲ, ಸಂದಿಸಂದಿಗೂ ಬಿಟ್ಟಿದ್ದಾರೆ. ಬೆಚ್ಚಗಿನ ಮನೆಯಲ್ಲಿ ತಾನು ಮೆಚ್ಚಿ ತಲೆದೂಗಿದ ನಯ ಕುಶಲಕರ್ಮಿಯದ್ದಾಗಿರಲಿಲ್ಲ, ತೆಂಗಿನಕಾಯಿಯದ್ದಾಗಿತ್ತು.

ಅವಳಿಗೆ ಭಯವಾದದ್ದು ಪಿಸ್ತೂಲು ಕೆಡುತ್ತದೆ ಅಂತಲ್ಲ. ಸ್ಲೈಡ್ ಎಳೆದಾಗ ಹಿಂದಕ್ಕೆ ಬಾಗುವ, ಬಿದ್ದರೆ ಗುಂಡು ಹಾರಿಸುವ ಹ್ಯಾಮರನ್ನು ಬೀಳದಂತೆ ಹಿಡಿಯುವುದು ಒಳಗಿನ ಒಂದು ಸಣ್ಣ ಕೊಕ್ಕೆ. ಸಾಧಾರಣ ಪಿಸ್ತೂಲಿನಲ್ಲಿ ಆ ಕೊಕ್ಕೆಯ ಹಿಡಿತ ದಪ್ಪವಾಗಿರುತ್ತದೆ, ಟ್ರಿಗರ್ ಎಳೆಯಲು ಜಗ್ಗಬೇಕು. ಇಂಥ ದುಬಾರಿಯದರಲ್ಲಿ ಅದನ್ನು ತೀಡಿ ತೀಡಿ ಕೂದಲೆಳೆಯ ಅಂಚಿಗೆ ತಂದಿರುತ್ತಾರೆ. ಆ ಒಣ ಕಡ್ಡಿಯ ಸುಖ ಬರುವುದು ಅದರಿಂದಲೇ, ಐದು ಸಾವಿರ ಡಾಲರ್ ಕೊಡುವುದೂ ಅದಕ್ಕೇ. ಆ ಅಂಚಿನ ಮೇಲೆ ಚಳಿಗೆ ಹೆಪ್ಪುಗಟ್ಟಿದ ಎಣ್ಣೆ, ಕುಂಕುಮದ ಕೆಸರು ಕೂತರೆ ಕೊಕ್ಕೆ ತನ್ನ ಜಾಗಕ್ಕೆ ಬರುವುದಿಲ್ಲ. ಗುಂಡು ತುಂಬಿ ಸ್ಲೈಡ್ ಬಿಟ್ಟ ಕೂಡಲೇ ಹ್ಯಾಮರ್ ತಾನಾಗಿ ಬೀಳಬಹುದು. ಟ್ರಿಗರಿನ ಮೇಲೆ ಬೆರಳೇ ಬೇಡ.

ಶೆಟ್ಟರು ದಿನಾ ಸಂಜೆ ಮೋಟೆಲಿನ ಆಫೀಸಿನಲ್ಲಿ ಗುಂಡು ತುಂಬುತ್ತಾರೆ, ಬೆಳಿಗ್ಗೆ ತೆಗೆಯುತ್ತಾರೆ. ಹಾಗೆ ಮಾಡುತ್ತೇನೆಂದು ಊಟಕ್ಕೆ ಕೂತಾಗ ಅವರೇ ಹೇಳಿದ್ದರು.

ಫೋನು ಮಾಡಿದಳು. ಶೆಟ್ಟರು ಎತ್ತಲಿಲ್ಲ. ಮೋಟೆಲಿಗೆ ಮಾಡಿದರೆ ರೆಕಾರ್ಡ್ ಮಾಡಿದ ಶೆಟ್ಟರ ದನಿ ಸ್ವಾಗತ ಕೋರಿತು. ಬೇಬಿಯ ಫೋನಿಗೆ ಮಾಡಿದಳು.

"ಹೇಳಿ ನಿರುಪಮಾ," ಅಂದರು ಬೇಬಿ. ಹಿಂದೆ ಬಟ್ಟೆ ಒಣಗಿಸುವ ಯಂತ್ರದ ಸದ್ದು.

"ಆಂಟಿ, ಎಲ್ಲಿ ಅದೀರಿ?"

"ಇಲ್ಲೇ, ಆಫೀಸಿನ ಹಿಂದಿನ ಬಟ್ಟೆ ರೂಮಿನಲ್ಲಿ. ಶೀಟ್ ಮಡಚ್ತಾ ಇದ್ದೇನೆ. ಇವರು ಯಾವುದೋ ರೂಮಿನ ಹೀಟರ್ ನೋಡ್ಲಿಕ್ಕೆ ಹೋದದ್ದು. ಎಂತ ವಿಷಯ?"

ಆ ಆಫೀಸನ್ನು ನಿರುಪಮಾ ಒಮ್ಮೆ ನೋಡಿದ್ದಳು. ಹಿಂದಿನ ಗೋಡೆಗೆ ಆನಿಸಿ ಕಬ್ಬಿಣದ ಸೇಫು. ಅದರ ಮುಂದೆ ನಿಂತು ಗುಂಡು ತುಂಬುವವನ ಕೈಯಲ್ಲಿನ ನಳಿಗೆ ಆ ಗೋಡೆಯನ್ನೇ ನೋಡಬೇಕು. ಅದು ಇಟ್ಟಿಗೆಯ ಗೋಡೆಯಲ್ಲ, ಈ ದೇಶದ ರಟ್ಟಿನಂಥ ಗೋಡೆ. ಅದರ ಆಚೆಗೆ ಬೇಬಿ ಆಂಟಿ.

"ಆಂಟಿ, ಮದ್ಲ ಆ ರೂಮಿನಿಂದ ಎದ್ದು ಹೊರಗ ಬರ್ರಿ. ಅಂಕಲ್‌ಗೆ ಪಿಸ್ತೂಲು ಮುಟ್ಟಬ್ಯಾಡ್ರಿ ಅಂತ ಹೇಳ್ರಿ."

"ಎಂತ? ಕೇಳ್ತಾ ಇಲ್ಲ ಮಾರಾಯ್ತಿ, ಈ ಮಿಷನ್ ಒಂದು. ಆಮೇಲೆ ನಾನೇ ಮಾಡ್ತೇನೆ, ಆಯ್ತಾ?"

ಫೋನು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ನಿರುಪಮಾ ಕೋಟು ಏರಿಸಿಕೊಂಡು ಓಡಿದಳು. ಪೊಲೀಸರಿಗೆ ಹೇಳೋಣವೇ ಎಂದು ಕಾರಿನಲ್ಲಿ ಕೂತಾಗ ಒಂದು ಗಳಿಗೆ ಅನ್ನಿಸಿತು. ಕೈಯಲ್ಲಿ ಪಿಸ್ತೂಲು ಹಿಡಿದ ಕಂದು ಬಣ್ಣದ ಮನುಷ್ಯ, ಬಾಗಿಲು ತಳ್ಳಿ ಬಂದು ಮೊದಲು ಗುಂಡು ಹಾರಿಸುವ ಪೊಲೀಸರು. ಆ ಚಿತ್ರ ನೆನೆದು ಫೋನನ್ನು ಪಕ್ಕಕ್ಕೆ ಎಸೆದಳು.

ರೂಟ್ ಒಂದರಲ್ಲಿ ಶನಿವಾರದ ಕಾರುಗಳೆಲ್ಲ ಕ್ರಿಸ್‌ಮಸ್ ಖರೀದಿಗೆ ಹೊರಟು ಆಮೆಯಂತೆ ತೆವಳುತ್ತಿದ್ದವು. ಹೊತ್ತು ಮುಳುಗುತ್ತಿತ್ತು. ಸಂಜೆಯಾದರೆ ಶೆಟ್ಟರು ಸೇಫು ತೆಗೆಯುತ್ತಾರೆ. ಹೋದಾಗ ಬಾಗಿಲ ಮುಂದೆ ಆಂಬುಲೆನ್ಸ್ ನಿಂತಿದ್ದರೆ? ಗೋಡೆಯ ಆಚೆ ಮಡಿಚಿಟ್ಟ ಬಿಳಿ ಶೀಟುಗಳು ಏನಾಗಿರುತ್ತವೆ? ಅದರ ಮೇಲೆ ಇನ್ನೊಂದು ಯೋಚನೆ, ಭಯಕ್ಕಿಂತ ನೀಚವಾದದ್ದು, ನುಸುಳಿಕೊಂಡು ಬಂತು. ತಾನು ಒಳಗೆ ಬಿಚ್ಚಿ ನೋಡಲಿಲ್ಲವೆಂದು ಶೆಟ್ಟರಿಗೆ ಗೊತ್ತಿದೆ, ಆದರೆ ನೋಡಬೇಕಿತ್ತು ಅನ್ನುವುದು ಗೊತ್ತಿಲ್ಲ. ಚಳಿಗಾಲ ಬಂತಲ್ಲ, ಒಮ್ಮೆ ಸರ್ವಿಸ್ ಮಾಡಿಕೊಡುತ್ತೇನೆ ಕೊಡಿ ಅಂದರೆ ಸಾಕು. ಕೊಡುತ್ತಾರೆ. ತೊಳೆದು ವಾಪಸು ಕೊಟ್ಟರೆ ಯಾರಿಗೂ ಏನೂ ತಿಳಿಯದು. ಆ ಉಪಾಯ ಹೊಳೆದಾಗ ಅವಳಿಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಂಬುಲೆನ್ಸ್ ಇರಲಿಲ್ಲ. ಶೆಟ್ಟರು ಕೌಂಟರಿನ ಹಿಂದೆ ಸ್ವೆಟರ್ ತೊಟ್ಟು ಕೂತಿದ್ದರು.

"ಎಂತ ನಿರುಪಮಾ, ಇಷ್ಟು ಅವಸರ? ದಿವಾಕರ ಹುಷಾರಿದ್ದಾನಾ?"

"ಪಿಸ್ತೂಲು ಎಲ್ಲದ ಅಂಕಲ್?"

ಶೆಟ್ಟರ ನಗು ಮಾಸಿತು. "ಸೇಫಿನಲ್ಲೇ ಉಂಟು. ದೀಪಾವಳಿಯಿಂದ ನಾನು ಅದನ್ನು ಮುಟ್ಟಲಿಲ್ಲ."

ಅಬ್ಬಾ ಅನ್ನಿಸಿತು ನಿರುಪಮಾಗೆ. ದಿನಾ ತುಂಬುತ್ತೇನೆ ಅಂದವರು ಯಾಕೆ ಮುಟ್ಟಲಿಲ್ಲ ಎಂದು ಆ ಕ್ಷಣ ಕೇಳಲು ಹೊಳೆಯಲಿಲ್ಲ. "ಚಳಿಗಾಲ ಬಂತಲ್ರೀ, ಒಂದ್ಸಲ ಸರ್ವಿಸ್ ಮಾಡಿಕೊಡ್ತೀನಿ," ಎಂದಳು. ದಾರಿಯಲ್ಲಿ ಸಿದ್ಧ ಮಾಡಿಕೊಂಡ ಮಾತು ತಡೆಯಿಲ್ಲದೆ ಬಂತು.

ಶೆಟ್ಟರು ಬೀಗದ ಕೈ ಚಾಚಿದರು. ತಾವು ಏಳಲಿಲ್ಲ. "ನೀವೇ ತೆಗೀರಿ."

"ಗುಂಡು ತುಂಬ್ಯದೇನ್ರೀ?"

"ಗೊತ್ತಿಲ್ಲ."

ನಿರುಪಮಾ ಅವರತ್ತ ನೋಡಿದಳು. ಮೋಟೆಲಿನ ಒಂದೊಂದು ಬಲ್ಬಿನ ವಯಸ್ಸೂ ಬಲ್ಲ ಮನುಷ್ಯ ತನ್ನ ಪಿಸ್ತೂಲಿನಲ್ಲಿ ಗುಂಡಿದೆಯೋ ಇಲ್ಲವೋ ಗೊತ್ತಿಲ್ಲ ಅನ್ನುತ್ತಿದ್ದಾರೆ. ಎರಡೂ ಕೈಗಳನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡು ಕೂತಿದ್ದರು.

"ಆಂಟಿನ್ನ ಆ ರೂಮಿನಿಂದ ಹೊರಗ ಕರೀರಿ ಮದ್ಲ," ಅಂದಳು.

ಶೆಟ್ಟರು ಯಾಕೆಂದು ಕೇಳಲಿಲ್ಲ. ಬಾಗಿಲ ಬಳಿ ಹೋಗಿ, "ಬೇಬಿ, ನಿರುಪಮಾ ಬಂದಿದ್ದಾಳೆ, ಸ್ವಲ್ಪ ಚಹಾ ಮಾಡ್ತೀಯಾ," ಎಂದು ಕೂಗಿದರು. ಬೇಬಿ ಸೊಂಟ ಹಿಡಿದುಕೊಂಡು ಅಂಗಳದ ಆಚೆಯ ಅಡುಗೆ ಕೋಣೆಗೆ ಹೋದದ್ದು ಕಿಟಕಿಯಲ್ಲಿ ಕಂಡಿತು.

ಸೇಫಿದ್ದ ಮೂಲೆಗೆ ಹೀಟರಿನ ಗಾಳಿ ತಲುಪುತ್ತಿರಲಿಲ್ಲ. ಕಬ್ಬಿಣ ಕೈಗೆ ಚುರುಕೆನ್ನುವಷ್ಟು ತಣ್ಣಗಿತ್ತು. ಪಿಸ್ತೂಲನ್ನು ಎತ್ತಿದ ಮೇಲೆ ನಿರುಪಮಾಗೆ ದಿಕ್ಕು ತೋಚಲಿಲ್ಲ. ಯಾವ ಕಡೆ ಹಿಡಿದರೂ ಆಚೆ ಒಬ್ಬರು ಮಲಗಿದ್ದಾರು, ಟಿವಿ ನೋಡುತ್ತಿದ್ದಾರು. ಹಿಮ ಬಿದ್ದಾಗ ಅಂಗಳಕ್ಕೆ ಎರಚಲು ತಂದಿಟ್ಟ ಮರಳು, ಉಪ್ಪಿನ ಚೀಲಗಳು ಮೂಲೆಯಲ್ಲಿದ್ದವು. ಮಂಡಿಯೂರಿ ನಳಿಗೆಯನ್ನು ಆ ಚೀಲಗಳಿಗೆ ಇಟ್ಟಳು. ಮೊದಲು ಗುಂಡಿನ ಡಬ್ಬಿಯನ್ನು ಕಳಚಿದಳು. ಅದರಲ್ಲಿ ಗುಂಡುಗಳಿದ್ದವು. ಆಮೇಲೆ ಸ್ಲೈಡನ್ನು ಎಳೆದಳು. ದಸರೆಯಲ್ಲಿ ಜಾರಿದ್ದು ಈಗ ಹಳೆಯ ಟ್ರಂಕಿನ ಮುಚ್ಚಳದಂತೆ ಒಲ್ಲೆ ಒಲ್ಲೆ ಎನ್ನುತ್ತ ಬಂತು. ನಳಿಗೆಯ ಹಿಂದಿನಿಂದ ಒಂದು ಗುಂಡು ಹಾರಿ ನೆಲದ ಮೇಲೆ ಉರುಳಿ ಶೆಟ್ಟರ ಚಪ್ಪಲಿಗೆ ತಾಗಿ ನಿಂತಿತು. ಅದು ಇಷ್ಟು ದಿನವೂ ತುಂಬಿಕೊಂಡೇ ಕೂತಿತ್ತು.

ಎರಡೆರಡು ಸಲ ಬೆರಳು ಹಾಕಿ ಖಾಲಿಯೆಂದು ನೋಡಿದ ಮೇಲೆ, ಸ್ಲೈಡನ್ನು ಮತ್ತೆ ಎಳೆದು ಬಿಟ್ಟಳು. ಟ್ರಿಗರಿನ ಹತ್ತಿರ ಅವಳ ಬೆರಳಿರಲಿಲ್ಲ.

ಟಕ್ ಎಂದು ಹ್ಯಾಮರ್ ತಾನಾಗಿ ಬಿತ್ತು.

"ಅದೆಂತ ಅದು?" ಶೆಟ್ಟರ ದನಿ ಬೇರೆ ಯಾರದೋ ದನಿಯ ಹಾಗಿತ್ತು. "ನೀವು ಟ್ರಿಗರ್ ಎಳೆದದ್ದಲ್ವಾ?"

"ಇಲ್ರೀ."

"ಇನ್ನೊಮ್ಮೆ ಮಾಡಿ."

ಮಾಡಿದಳು. ಟಕ್.

"ಇನ್ನೊಮ್ಮೆ."

ಮೂರನೆಯ ಸಲ ನಿರುಪಮಾ ಪಿಸ್ತೂಲನ್ನು ನೋಡಲಿಲ್ಲ, ಶೆಟ್ಟರನ್ನು ನೋಡಿದಳು. ಅವರೂ ಪಿಸ್ತೂಲನ್ನು ನೋಡುತ್ತಿರಲಿಲ್ಲ. ಎರಡೂ ಕೈಗಳನ್ನು ಹೊರಗೆಳೆದು, ಅಂಗೈ ಮೇಲೆ ಮಾಡಿ, ಮಗ್ಗುಲು ಬದಲಿಸಿ, ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

"ದೀಪಾವಳಿ ದಿನ ಸಂಜೆ," ಅಂದರು. "ಗುಂಡು ತುಂಬಿದೆ, ಢಂ ಅಂತು. ನಾನು ಬೆರಳು ಹೊರಗೇ ಇಟ್ಟದ್ದು, ನನಗೆ ಗೊತ್ತುಂಟು. ಆದ್ರೆ ನೀವು ಹೇಳಿದ್ರಲ್ಲ, ಭಾರೀ ಒಳ್ಳೇದುಂಟು ಅಂತ. ಪಿಸ್ತೂಲು ಒಳ್ಳೇದಾದ್ರೆ ತಪ್ಪು ಕೈಯದ್ದೇ ಅಲ್ವಾ. ನನಗೆ ವಯಸ್ಸಾಯ್ತು, ಕೈ ನನ್ನ ಮಾತು ಕೇಳ್ತಾ ಇಲ್ಲ ಅಂದುಕೊಂಡೆ. ಹೊರಗೆ ಮಕ್ಕಳು ಪಟಾಕಿ ಹೊಡೀತಿದ್ರು, ಯಾರಿಗೂ ತಿಳೀಲಿಲ್ಲ. ಹಾಗೇ ಸೇಫಿಗೆ ಹಾಕಿ ಬೀಗ ಹಾಕಿದೆ."

ನಿರುಪಮಾ ಪಿಸ್ತೂಲನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಹಿಕ್ಸ್‌ವಿಲ್‌ನಿಂದ ನಮ್ಮ ಮಗಳು ಶ್ರದ್ಧಾ ಮಗುವನ್ನು ಕರ್ಕೊಂಡು ಬಂದ್ಲು ಹೋದ ವಾರ. ಎತ್ತಿಕೊಳ್ಳಲಿಲ್ಲ ನಾನು. ಬೆನ್ನು ನೋವು ಅಂತ ಸುಳ್ಳು ಹೇಳಿದೆ. ಈ ಕೈ ಎಲ್ಲಿ ಬಿಟ್ಟುಬಿಡ್ತದೋ ಅಂತ."

ನಿರುಪಮಾ ಹೇಳಿದ ಒಂದು ಮಾತು ಶೆಟ್ಟರಿಗೆ ತಮ್ಮ ಕಣ್ಣಿಗಿಂತ, ಕೈಗಿಂತ ದೊಡ್ಡದಾಗಿ ಹೋಗಿತ್ತು. ಅದಕ್ಕೆ ಅವರು ಕೊಟ್ಟ ಬೆಲೆಯ ಮುಂದೆ ಐದು ಸಾವಿರ ಡಾಲರ್ ಯಾವ ಲೆಕ್ಕ. ನಿರುಪಮಾ ಅಲ್ಲಿಯೇ ನೆಲದ ಮೇಲೆ ಒಂದು ಟವೆಲು ಹಾಸಿ ಪಿಸ್ತೂಲನ್ನು ಬಿಚ್ಚಿದಳು. ಸ್ಲೈಡು ಕಳಚಿ ಬಂದಾಗ ಒಳಗೆಲ್ಲ ಬೆಳ್ಳಗಿನ ಕೊಬ್ಬು ಮೆತ್ತಿಕೊಂಡಿತ್ತು, ಅದರಲ್ಲಿ ಅಲ್ಲಲ್ಲಿ ಕುಂಕುಮದ ಕೆಂಪು. ಶೆಟ್ಟರು ಬಗ್ಗಿ ಒಂದು ಬೆರಳಿನಲ್ಲಿ ತೆಗೆದು ಮೂಸಿದರು. ಮೂವತ್ತೈದು ವರ್ಷ ಬೇಬಿಯ ದಿಂಬಿನ ಪಕ್ಕದಲ್ಲಿ ಮೂಸಿದ ವಾಸನೆ ಅದು, ಹೇಳಿಕೊಡಬೇಕಾಗಿರಲಿಲ್ಲ.

ಬೆರಳನ್ನು ಟವೆಲಿಗೆ ಒರೆಸಿ ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು. "ಇದು ಬೇಬಿಗೆ ಗೊತ್ತಾಗುದು ಬೇಡ. ತನ್ನ ಎಣ್ಣೆಯಿಂದ ಹೀಗಾಯ್ತು ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳುದಿಲ್ಲ. ತಪ್ಪು ನನ್ನ ಕೈಯದ್ದೇ ಇರಲಿ. ನೀವು ತೊಳೆದು ತಗೊಂಡು ಹೋಗಿ, ಯಾರಿಗಾದ್ರೂ ಮಾರಿಬಿಡಿ."

ಅವಳು ದಾರಿಯುದ್ದಕ್ಕೂ ಬಯಸಿದ್ದನ್ನೇ ಅವರು ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಹ್ಞೂಂ ಅಂದರೆ ಮುಗಿಯಿತು. ಅಷ್ಟರಲ್ಲಿ ಬೇಬಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ನೆಲದ ಮೇಲಿನ ಬಿಡಿಭಾಗಗಳನ್ನು, ಇಬ್ಬರ ಮುಖಗಳನ್ನು ನೋಡಿದರು.

"ಎಂತ, ಹಾಳಾಯ್ತಾ ಅದು?"

"ನನ್ನ ಕೈಯಿಂದಲೇ ಮಾರಾಯ್ತಿ, ಕ್ಲೀನ್ ಮಾಡ್ಲಿಕ್ಕೆ ಗೊತ್ತಾಗದೆ—" ಎಂದು ಶೆಟ್ಟರು ಶುರು ಮಾಡಿದರು.

"ಅಲ್ರೀ ಆಂಟಿ," ಅಂದಳು ನಿರುಪಮಾ. "ಅಂಕಲ್ ಕೈ ಛಲೋನ ಅದ. ಒಳಗ ಎಣ್ಣಿ ಹೆಪ್ಪುಗಟ್ಟಿ ಅದು ತಾನ ಹಾರೇದ. ಬಿಚ್ಚಿದ್ರ ನನಗ ಅವತ್ತ ಕಾಣ್ತಿತ್ತು. ನಾ ಬಿಚ್ಚಲಿಲ್ಲ, ಬಿಚ್ಚದ ಛಲೋ ಅದ ಅಂದೆ. ನೀವು ಎಣ್ಣಿ ಹಾಕಿದ್ದು ತಪ್ಪಲ್ರೀ, ಪೂಜಿಗೆ ಎಲ್ಲಾರೂ ಹಾಕ್ತಾರ. ನೋಡಬೇಕಾದಾಕಿ ನಾನು."

ಬೇಬಿ ಎಣ್ಣೆಯ ಮಾತು ಹಿಡಿಯಲಿಲ್ಲ. ತಪ್ಪು ಯಾರದ್ದೆಂದೂ ಕೇಳಲಿಲ್ಲ. ಗಂಡನತ್ತ ತಿರುಗಿದರು.

"ಹಾರಿದ್ದು ಯಾವಾಗ?"

"ದೀಪಾವಳಿ ಸಂಜೆ," ಅಂದರು ಶೆಟ್ಟರು. "ನೀನು ಹಣತೆ ಇಡ್ಲಿಕ್ಕೆ ಅಂಗಳಕ್ಕೆ ಹೋಗಿದ್ದಿ."

"ಗುಂಡು ಎಲ್ಲಿಗೆ ಹೋಯ್ತು?"

ಶೆಟ್ಟರು ಸೇಫಿನ ಮೇಲೆ ತೂಗುತ್ತಿದ್ದ ಕಿರಾಣಿ ಅಂಗಡಿಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಕೆಳಗಿಟ್ಟರು. ಗೋಡೆಯಲ್ಲಿ ಕಿರುಬೆರಳು ಹೋಗುವಷ್ಟು ಅಗಲದ ತೂತು ಇತ್ತು. "ಆಚೆ ಕಡೆ ಶೀಟಿನ ರಾಶಿಯಲ್ಲಿ ಸಿಕ್ಕಿತು. ಹರಿದ ಶೀಟ್ ಬಿಸಾಡಿದೆ," ಅಂದರು.

"ಅದಕ್ಕೆ ಅಲ್ಲೊಂದು ಬಟ್ಟೆ ಚೀಲ ತೂಗಹಾಕಿದ್ದಾ," ಅಂದರು ಬೇಬಿ. ಚಹಾದ ತಟ್ಟೆಯನ್ನು ಕೌಂಟರಿನ ಮೇಲಿಟ್ಟು ಹಿಂದಿನ ಬಟ್ಟೆ ರೂಮಿಗೆ ಹೋದರು. ಒಣಗಿಸುವ ಯಂತ್ರ ನಿಂತ ಸದ್ದು ಕೇಳಿತು. ಕುರ್ಚಿ ಕಿರುಗುಟ್ಟಿತು. ಚೀಲ ಸರಿದದ್ದಕ್ಕೆ ತೂತಿನಲ್ಲಿ ಒಂದಿಷ್ಟು ಬೆಳಕು ಬಂತು. ಮರುಕ್ಷಣ ಅದನ್ನು ಒಂದು ಕಣ್ಣು ಮರೆಮಾಡಿತು. ನಿರುಪಮಾ ಶೆಟ್ಟರ ತೋಳನ್ನು ಹಿಡಿದುಕೊಂಡಳು.

"ನಾನು ಬಗ್ಗಲಿಲ್ಲ, ಏಳಲೂ ಇಲ್ಲ," ಎಂದು ಗೋಡೆಯ ಆಚೆಯಿಂದ ಬೇಬಿಯ ದನಿ ಬಂತು. "ದಿನಾ ಶೀಟ್ ಮಡಚ್ಲಿಕ್ಕೆ ಕೂತ ಹಾಗೇ ಕೂತದ್ದು. ನಿಮ್ಮಿಬ್ಬರ ಮುಖವೂ ಸರೀ ಕಾಣ್ತಾ ಉಂಟು."